ಅಮ್ಮ ಹಿತ್ತಲಿಗೆ ನುಗ್ಗಿದ ದಿನ

ದೇವರನ್ನು ಹೊರುವ ಅಡ್ಡೆಯ ಬೊಂಬು ನಡುದಾರಿಯಲ್ಲಿ ಸೀಳಬಹುದಿತ್ತು. ನನ್ನ ಪಂಚೆ ಬಿಚ್ಚಬಹುದಿತ್ತು. ಎರಡು ಕೈಯೂ ಬೊಂಬಿನ ಮೇಲಿರುವಾಗ ಪಂಚೆ ಬಿಚ್ಚಿದರೆ ಹಿಡಿಯಲು ಮೂರನೆಯ ಕೈಯನ್ನು ಎಲ್ಲಿಂದ ತರುವುದು? ಮುಂದೆ ಹೊತ್ತವನಿಗೆ ಸೀನು ಬರಬಹುದಿತ್ತು. ಒಂದೇ ಸೀನಾದರೆ ಅಪಶಕುನ ಅನ್ನುತ್ತಾರೆ, ಎರಡಾದರೆ ಅಡ್ಡಿಯಿಲ್ಲ ಅನ್ನುತ್ತಾರೆ; ಅವನು ಮೊದಲನೆಯದನ್ನು ಸೀನಿ ಎರಡನೆಯದನ್ನು ತಡೆದುಕೊಂಡುಬಿಡಬಹುದಿತ್ತು. ತಮಟೆ ಸದ್ದಿಗೆ ಬೆದರಿ ಯಾರದಾದರೂ ಹೋರಿ ಗೂಟ ಕಿತ್ತುಕೊಂಡು ಬರಬಹುದಿತ್ತು. ತೋಟದ ಅಂಚಿನಲ್ಲಿ ಹೋಗುವಾಗ ಮೇಲಿಂದ ಒಂದು ಒಣಗಾಯಿ ಬೀಳಬಹುದಿತ್ತು. ಅದು ದೇವರ ತಲೆಯ ಮೇಲೆ ಬಿದ್ದರೆ ಊರಿಗೆಲ್ಲ ಕೇಡು, ನನ್ನ ತಲೆಯ ಮೇಲೆ ಬಿದ್ದರೆ ನನಗೊಬ್ಬನಿಗೆ. ಎರಡರಲ್ಲಿ ಯಾವುದು ವಾಸಿ ಎಂದು ಬಹಳ ಹೊತ್ತು ಯೋಚಿಸಿದ್ದೆ. ಉತ್ತರ ಹೊಳೆದಿತ್ತು, ಯಾರಿಗೂ ಹೇಳಿರಲಿಲ್ಲ. ದೇವರ ಸೀರೆಗೆ ಬೆಂಕಿ ತಾಗಬಹುದಿತ್ತು. ಚರಂಡಿ ಇತ್ತು. ಸಗಣಿ ಇತ್ತು. ಬೆಳಗಿನಿಂದ ಉಪವಾಸವಿರಬೇಕಾದ್ದರಿಂದ ತಲೆ ಸುತ್ತಬಹುದಿತ್ತು. ಎಲ್ಲಕ್ಕಿಂತ ಭಯಂಕರವಾದದ್ದು ಕೊನೆಯಲ್ಲಿತ್ತು: ದೇವರು ನಮ್ಮ ಮನೆಯ ಬಾಗಿಲಿಗೇ ಬಂದು ಬಗ್ಗಿಬಿಡಬಹುದಿತ್ತು.

ಇದು ಮನಸ್ಸಿನಲ್ಲಿ ಹಾಕಿಕೊಂಡ ಪಟ್ಟಿಯಲ್ಲ. ಹಳೆಯ ಕ್ಯಾಲೆಂಡರಿನ ಹಾಳೆಯ ಬೆನ್ನಿಗೆ ಪೆನ್ಸಿಲಿನಲ್ಲಿ ನಂಬರು ಹಾಕಿ ಬರೆದದ್ದು. ಆಗ ನನಗೆ ಇಪ್ಪತ್ತಮೂರು ವರ್ಷ, ಎಪ್ಪತ್ತರ ದಶಕ ಮುಗಿಯುತ್ತಾ ಬಂದಿತ್ತು. ಈಗ ಐವತ್ತರ ಹತ್ತಿರ ಇದ್ದೇನೆ. ಪಟ್ಟಿಗಳು ಉದ್ದವಾಗಿವೆ, ಕೈಬರಹ ಕೆಟ್ಟಿದೆ. ಬೇರೇನೂ ಬದಲಾಗಿಲ್ಲ.

ನಮ್ಮ ಊರು ತಿಪಟೂರಿಗೂ ತುರುವೇಕೆರೆಗೂ ನಡುವೆ, ಬಸ್ಸು ನಿಲ್ಲಿಸಿದರೆ ನಿಲ್ಲುವ, ನಿಲ್ಲಿಸದಿದ್ದರೆ ಹೋಗುವ ಜಾಗದಲ್ಲಿದೆ. ಊರ ದೇವತೆಯನ್ನು ನಾವು ಅಮ್ಮ ಅನ್ನುತ್ತೇವೆ. ಗುಡಿಯ ಒಳಗಿನ ಅಮ್ಮ ಕಲ್ಲಿನವಳು, ಕೂತಲ್ಲೇ ಕೂತಿರುತ್ತಾಳೆ. ಹೊರಗೆ ಓಡಾಡುವ ಅಮ್ಮ ಅಡ್ಡೆಯ ಮೇಲಿನವಳು. ಎರಡು ಉದ್ದನೆಯ ಬೊಂಬು, ನಡುವೆ ಒಂದು ಪೀಠ, ಪೀಠದಲ್ಲಿ ಅಮ್ಮನ ಹಿತ್ತಾಳೆಯ ಮುಖ, ಅದರ ಸುತ್ತ ಹರಕೆ ಸೀರೆಗಳ ಗುಪ್ಪೆ: ಇಷ್ಟು ಅಡ್ಡೆ. ಮುಂದೊಬ್ಬ, ಹಿಂದೊಬ್ಬ ಹೆಗಲು ಕೊಡುತ್ತಾರೆ. ಪೂಜಾರಿ ಅಮ್ಮನನ್ನು ಒಂದು ಪ್ರಶ್ನೆ ಕೇಳುತ್ತಾನೆ. ಅಡ್ಡೆ ತಾನಾಗಿ ಚಲಿಸಿ ಉತ್ತರ ಕೊಡುತ್ತದೆ. ಮಳೆ ಯಾವಾಗ, ಕಳೆದ ಎಮ್ಮೆ ಯಾವ ದಿಕ್ಕಿಗೆ, ಹುಡುಗಿಯನ್ನು ಆ ಊರಿಗೆ ಕೊಡಬಹುದೇ, ಎಲ್ಲಕ್ಕೂ ಅಡ್ಡೆಯೇ ಗತಿ.

ನಾನು ಹೊತ್ತದ್ದು ಹಿಂದಿನ ಹೆಗಲು. ಅದು ನಮ್ಮ ಮನೆಯ ಪಾಲಿಗೆ ಬಂದದ್ದು. ಆ ವರ್ಷ ಅಪ್ಪನ ಬಲಭುಜ ಹಿಡಿದುಕೊಂಡಿತ್ತು, ಅದಕ್ಕೇ ನಾನು. ಅಪ್ಪ ಕೊಟ್ಟ ತರಬೇತಿ ಎರಡು ಮಾತಿನದು. "ತಳ್ಳಬ್ಯಾಡ. ತಡೀಬ್ಯಾಡ."

"ಮತ್ತೆ ಏನು ಮಾಡ್ಲಿ?"

"ಹೋಗು."

ಹೊತ್ತ ಮೇಲೆ ನನಗೆ ತಿಳಿದದ್ದು ಇದು. ಮುಂದಿನವನಿಗೆ ದಾರಿ ಕಾಣುತ್ತದೆ, ದೇವರು ಕಾಣುವುದಿಲ್ಲ. ಹಿಂದಿನವನಿಗೆ ದೇವರ ಬೆನ್ನು ಕಾಣುತ್ತದೆ, ದಾರಿ ಕಾಣುವುದಿಲ್ಲ. ಮುಂದಿನವನು ಹಿಂದಿನವನು ನೂಕುತ್ತಿದ್ದಾನೆ ಅಂದುಕೊಳ್ಳುತ್ತಾನೆ, ಹಿಂದಿನವನು ಮುಂದಿನವನು ಎಳೆಯುತ್ತಿದ್ದಾನೆ ಅಂದುಕೊಳ್ಳುತ್ತಾನೆ, ನೋಡುವವರು ಇಬ್ಬರನ್ನೂ ಬಿಟ್ಟು ಅಮ್ಮನಿಗೆ ಕೈ ಮುಗಿಯುತ್ತಾರೆ. ಈಗ ನಾನೊಂದು ಪ್ರೌಢಶಾಲೆಯ ಮುಖ್ಯೋಪಾಧ್ಯಾಯ. ಮೊನ್ನೆ ನಮ್ಮಂಥವರನ್ನೆಲ್ಲ ಕೂಡಿಹಾಕಿ ನಾಯಕತ್ವಕ್ಕೂ ಅಧ್ಯಾತ್ಮಕ್ಕೂ ಏನು ಸಂಬಂಧ ಎಂದು ಎರಡು ದಿನ ಬೋಧಿಸಿದರು. ಕಣ್ಣು ಮುಚ್ಚಿಸಿದರು, ಉಸಿರು ಎಳೆಸಿದರು. ಹೇಳಬೇಕಾದದ್ದನ್ನೆಲ್ಲ ನಮ್ಮಪ್ಪ ಎರಡು ಮಾತಿನಲ್ಲಿ ಹೇಳಿ ಮುಗಿಸಿದ್ದನಲ್ಲ ಅಂದುಕೊಂಡೆ. ಅಂದುಕೊಂಡೆ ಅಷ್ಟೇ. ಎದ್ದು ಹೇಳಿದರೆ ಏನೇನಾಗಬಹುದು ಎಂದು ಪಟ್ಟಿ ಮಾಡುವಷ್ಟರಲ್ಲಿ ಊಟದ ಗಂಟೆ ಹೊಡೆಯಿತು.

ಮೂರು ವರ್ಷಕ್ಕೊಮ್ಮೆ ಅಡ್ಡೆಗೆ ದೊಡ್ಡ ಕೆಲಸ ಬರುತ್ತಿತ್ತು: ಊರ ಯಜಮಾನನನ್ನು ಆರಿಸುವುದು. ಬದುವಿನ ಮೇಲಿನ ತೆಂಗಿನ ಮರ ಯಾರದು, ಕೆರೆ ನೀರು ಮೊದಲು ಯಾವ ತೋಟಕ್ಕೆ, ಅಣ್ಣ ತಮ್ಮಂದಿರ ಜಗಳದಲ್ಲಿ ಯಾರು ಮೊದಲು ಮಾತಾಡಿಸಬೇಕು, ಇವನ್ನೆಲ್ಲ ತೀರ್ಮಾನಿಸುವವನೇ ಯಜಮಾನ. ಅಮ್ಮ ಯಾರ ಬಾಗಿಲಿಗೆ ಹೋಗಿ ಬಗ್ಗುತ್ತಾಳೋ ಅವನು ಒಲ್ಲೆ ಅನ್ನುವಂತಿಲ್ಲ. ಗೌರವದ ಜೊತೆಗೆ ಎರಡು ಕಟ್ಟಳೆಗಳೂ ಬರುತ್ತಿದ್ದವು. ಯಜಮಾನನಾದವನು ತನ್ನ ಒಲೆಯ ಮೇಲೆ ಬೆಂದದ್ದನ್ನು ಬಿಟ್ಟು ಬೇರೆ ಉಣ್ಣಬಾರದು. ಊರ ಗಡಿಕಲ್ಲಿನಾಚೆ ರಾತ್ರಿ ತಂಗಬಾರದು. ಯಾಕೆ ಎಂದು ಯಾರೂ ಕೇಳಿರಲಿಲ್ಲ.

ಆಗಿನ ಯಜಮಾನರ ಬಾಗಿಲಿಗೆ ಅಮ್ಮ ಏಳು ಸಲ ಹೋಗಿದ್ದಳು. ಏಳು ಮೂರಲಿ ಇಪ್ಪತ್ತೊಂದು ವರ್ಷ. ತೆಳ್ಳಗೆ, ಉದ್ದಕ್ಕೆ, ದನಿ ಏರಿಸದ ಮನುಷ್ಯ. ಅಡ್ಡೆ ಎತ್ತುವುದಕ್ಕೆ ನಾಲ್ಕು ದಿನ ಮುಂಚೆ ಅವರು ನಮ್ಮ ತೋಟಕ್ಕೆ ಬಂದರು. ನಾನು ಬಾವಿಯ ಕಟ್ಟೆಯ ಮೇಲೆ ಕೂತು ಪಟ್ಟಿ ಬರೆಯುತ್ತಿದ್ದೆ.

"ಏನ್ಲಾ ಅದು?"

"ಏನಿಲ್ಲ ಬುಡಿ ಯಜಮಾನ್ರೇ. ಸುಮ್ನೆ."

"ಸುಮ್ನೆ ಬರ್ದಿದ್ದನ್ನ ಸುಮ್ನೆ ಓದು, ಕೇಳಾನ."

ಓದಿದೆ. ಪಂಚೆಯ ವಿಷಯ ಬಂದಾಗ ಅವರು ತಡೆದರು. "ಒಳಗೊಂದು ಚಡ್ಡಿ ಹಾಕ್ಕಳ್ಲಾ. ಒಂದು ನಂಬರು ಕಮ್ಮಿ ಆಯ್ತದೆ." ಆಮೇಲೆ ನನ್ನ ಪಕ್ಕ ಕೂತು, ಸುತ್ತ ಒಮ್ಮೆ ನೋಡಿ, ತೆಂಗಿನ ಮರಗಳಿಗೂ ಕೇಳಿಸದಂಥ ದನಿಯಲ್ಲಿ ಹೇಳಿದರು. "ಈ ಸಲ ಅಮ್ಮನ್ನ ನನ್ನ ಮನೆ ಕಡೀಕೆ ತರಬ್ಯಾಡ ಕಣ್ಲಾ."

ನನ್ನ ಪೆನ್ಸಿಲು ಬಾವಿಯೊಳಗೆ ಬಿತ್ತು. "ತರೋಕೆ ನಾನ್ಯಾರು ಯಜಮಾನ್ರೇ? ತಳ್ಳಬ್ಯಾಡ ಅಂತ ಅಪ್ಪ ಹೇಳವ್ರೆ."

"ತಳ್ಳು ಅಂತ ನಾನೆಲ್ಲಂದೆ? ನಮ್ಮನೆ ಕಡೀಕೆ ಬರಬ್ಯಾಡ ಅಂದೆ. ಊರಾಗೆ ಇನ್ನೂ ಬೇಕಾದಷ್ಟು ಬಾಗ್ಲವೆ. ನಿಮ್ಮಪ್ಪನ ಕಾಲಿಗೆ ನಮ್ಮನೆ ದಾರಿ ಪಾಠ ಆಗೋಗಿತ್ತು, ಗಾಡಿ ಎತ್ತಿಗೆ ಆದಂಗೆ. ನಿನ್ ಕಾಲಿಗಿನ್ನೂ ಆಗಿಲ್ಲ."

"ಯಾಕೆ ಬ್ಯಾಡ ನಿಮಗೆ?"

"ಮಸಾಲೆ ದೋಸೆ ತಿನ್ನಬೇಕು ಕಣ್ಲಾ," ಅಂದರು.

ನಗು ತಡೆದುಕೊಂಡೆ. ಕೊಬ್ಬರಿ ಹಾಕಲು ತಿಪಟೂರಿಗೆ ಹೋದಾಗೆಲ್ಲ ಬಸ್ ಸ್ಟ್ಯಾಂಡಿನ ಹತ್ತಿರದ ಒಂದು ಹೋಟೆಲಿನ ಮುಂದೆಯೇ ಅವರ ಚಪ್ಪಲಿಯ ಉಂಗುಷ್ಠ ಕಿತ್ತುಬರುತ್ತಿದ್ದುದು, ಅದನ್ನು ಸರಿಮಾಡಲು ಅವರಿಗೆ ಕಾಲು ಗಂಟೆ ಹಿಡಿಯುತ್ತಿದ್ದುದು, ಅಷ್ಟು ಹೊತ್ತೂ ಅವರ ಮೂಗು ಹೋಟೆಲಿನ ಕಡೆಗೇ ತಿರುಗಿರುತ್ತಿದ್ದುದು ನನಗೂ ಗೊತ್ತಿತ್ತು. "ಯಾರಿಗೂ ಹೇಳಬ್ಯಾಡ. ನಿನಗೊಬ್ಬನಿಗೇ ಹೇಳಿರೋದು," ಎಂದು ಎದ್ದು ಹೋದರು.

ಮಾರನೆಯ ದಿನ ಅವರ ಹೆಂಡತಿ ಒಲೆಗೆ ಒಣಸೋಗೆ ಆಯಲು ನಮ್ಮ ತೋಟಕ್ಕೆ ಬಂದರು. ನಾವು ಅವರನ್ನು ದೊಡ್ಡವ್ವ ಅನ್ನುತ್ತಿದ್ದೆವು. ಸೋಗೆ ಕಟ್ಟುತ್ತಾ, ನನ್ನ ಕಡೆ ನೋಡದೆ ಕೇಳಿದರು. "ಏನಂದ್ರು ನಮ್ಮೋರು? ದೋಸೆ ಅಂದ್ರಾ?"

ಯಾರಿಗೂ ಹೇಳಬ್ಯಾಡ ಅನ್ನಿಸಿಕೊಂಡಿದ್ದ ನಾನು ತಲೆಯಾಡಿಸಿದೆ. ಬಾಯಿಂದ ಹೇಳಲಿಲ್ಲವಲ್ಲ.

"ದೋಸೆ ಅಲ್ಲ ಕಣಪ್ಪ ಅದು. ಮಗಳನ್ನ ಬೋರನಕಣಿವೆ ಹಿಂದ್ಗಡೆ ಊರಿಗೆ ಕೊಟ್ಟು ಏಳು ವರ್ಷ ಆಯ್ತು. ಒಂದು ರಾತ್ರಿ ಅಲ್ಲಿ ಮಲಗಿಲ್ಲ, ಒಂದು ತುತ್ತು ಅಲ್ಲಿ ಉಂಡಿಲ್ಲ. ಬೆಳಗಿನ ಬಸ್ಸಿಗೆ ಹೋಗೋದು, ಬುತ್ತಿ ಬಿಚ್ಚಿ ತಿನ್ನೋದು, ಮಧ್ಯಾಹ್ನದ ಬಸ್ಸಿಗೆ ಬರೋದು. ಹೋದ ಸಲ ಮೊಮ್ಮಗ ಕೇಳವನೆ, 'ತಾತ, ನಮ್ಮನೆ ಮುದ್ದೇಲಿ ಕಲ್ಲೈತಾ?' ಅಂತ. ಮಗಳು ಒಳೀಕೆ ಹೋಗ್ಬುಟ್ಲು. ಇವ್ರು ಹುಳಿಯಾರು ದಾಟೋಗಂಟ ಮಾತಾಡ್ಲಿಲ್ಲ. ಆಮೇಲೆ ದೋಸೆ ಅಂದ್ರು. ಅವ್ರಿಗೆ ಅಳು ಬಂದಾಗೆಲ್ಲ ದೋಸೆ ಅಂತಾರೆ."

"ನೀವಾದ್ರೂ ಹೋಗಿ ನಾಲ್ಕು ದಿನ ಇದ್ದು ಬರಬಹುದಲ್ಲ ದೊಡ್ಡವ್ವ? ಕಟ್ಟಳೆ ಇರೋದು ಅವ್ರಿಗೆ."

ಅವರು ಹೊರೆಯ ಗಂಟನ್ನು ಮೊಣಕಾಲಿನಿಂದ ಒತ್ತಿ ಬಿಗಿದರು. "ಅವ್ರು ಅವ್ರ ಒಲೇದೇ ಉಣ್ಣಬೇಕಲ್ಲ. ಒಲೆ ಹಚ್ಚೋರ್ಯಾರು?"

ಹೊರೆ ಹೊತ್ತು ಹೋದರು. ಆವತ್ತು ನನಗೆ ನಗು ಬರಲಿಲ್ಲ.

ಮೂರು ದಿನ ಯೋಚಿಸಿ ನಾನೊಂದು ಉಪಾಯ ಮಾಡಿದೆ. ಊರ ಬಲಗಡೆ ಕೇರಿಯಲ್ಲಿ ಒಬ್ಬರು ಹೊಸ ಟ್ರ್ಯಾಕ್ಟರು ತಂದಿದ್ದರು. ಅವರಿಗೆ ಯಜಮಾನಿಕೆಯ ಮೇಲೆ ಕಣ್ಣಿತ್ತು. ಅಮ್ಮ ಬರುವ ದಾರಿಯ ಕಡೆಯ ಗೋಡೆಗೆ ಮಾತ್ರ ಸುಣ್ಣ ಹೊಡೆಸಿದ್ದರು. ಬೇಕು ಅನ್ನುವವರಿಗೆ ಕೊಡುವುದು, ಬೇಡ ಅನ್ನುವವರನ್ನು ಬಿಡುವುದು, ಇದರಲ್ಲಿ ಪಾಪವೇನಿದೆ? ಹುಣಸೆ ಮರದ ಹತ್ತಿರ ದಾರಿ ಮೂರಾಗುತ್ತದೆ. ನೇರ ಹೋದರೆ ಯಜಮಾನರ ಮನೆ, ಎಡಕ್ಕೆ ನಮ್ಮ ಮನೆ, ಬಲಕ್ಕೆ ಟ್ರ್ಯಾಕ್ಟರಿನವರದು. ಅಲ್ಲಿ ನಾನು ಬಲಕ್ಕೆ ಒಂದಿಷ್ಟು ವಾಲಿದರೆ ಸಾಕು. ವಾಲುವುದು ತಳ್ಳುವುದಲ್ಲ ಎಂದು ನನಗೆ ನಾನೇ ನಾಲ್ಕಾರು ಸಲ ಹೇಳಿಕೊಂಡೆ.

ಆ ಬೆಳಗ್ಗೆ ಕೆರೆಯಲ್ಲಿ ಮಿಂದು, ಒದ್ದೆ ಪಂಚೆಯಲ್ಲಿ, ಒಳಗೆ ಚಡ್ಡಿ ಹಾಕಿಕೊಂಡು ನಿಂತೆ. ಮುಂದಿನ ಹೆಗಲು ನನ್ನ ಗೆಳೆಯನದು. ಏಳನೆಯ ಕ್ಲಾಸಿನವರೆಗೆ ಜೊತೆಗೆ ಓದಿ, ಆಮೇಲೆ ಕಾಯಿ ಸುಲಿಯುವ ಕೆಲಸಕ್ಕೆ ಹೋದವನು. ಅವನ ತೋಳು ನನ್ನ ತೊಡೆಯಷ್ಟಿತ್ತು. ಪೂಜಾರಿ ಕರ್ಪೂರ ಹಚ್ಚಿ ಕೇಳಿದ, "ತಾಯಿ, ಮುಂದಿನ ಮೂರು ವರ್ಷ ಊರು ನಡೆಸೋರ್ಯಾರು, ತೋರ್ಸು." ತಮಟೆ ಶುರುವಾಯಿತು. ಅಡ್ಡೆ ಒಮ್ಮೆ ತೂಗಿತು, ಹೊರಟಿತು.

ಹುಣಸೆ ಮರದ ತನಕ ಎಲ್ಲ ಸರಿಯಿತ್ತು. ಅಲ್ಲಿ ನಾನು ಬಲಕ್ಕೆ ವಾಲಿದೆ. ಅಡ್ಡೆ ಎಡಕ್ಕೆ ಎಳೆಯಿತು. ಮತ್ತೂ ವಾಲಿದೆ. ಮತ್ತೂ ಎಳೆಯಿತು. ಎಡಕ್ಕೆ ಅಂದರೆ ನಮ್ಮ ಮನೆ. ಪಟ್ಟಿಯ ಕೊನೆಯ ನಂಬರು ಕಣ್ಣ ಮುಂದೆ ಬಂದು ನಿಂತಿತು. ಹೆದರಿ ಮೈಯಲ್ಲಿದ್ದ ಶಕ್ತಿಯನ್ನೆಲ್ಲ ಬಲಕ್ಕೆ ಹಾಕಿದೆ. ಅಡ್ಡೆ ಗಾಣದಂತೆ ಗಿರಗಿರ ಸುತ್ತಿತು, ಒಂದು, ಎರಡು, ಮೂರು ಸುತ್ತು. ಅಮ್ಮನಿಗೆ ಆವೇಶ ಬಂದಿದೆ ಎಂದು ಜನ ಹಿಂದೆ ಸರಿದರು. ನಾಲ್ಕನೆಯ ಸುತ್ತಿನಲ್ಲಿ ನನಗೆ ಎಡ ಬಲ ಎರಡೂ ಮರೆತುಹೋಗಿ ಅಡ್ಡೆ ನೇರ ಓಡಿತು. ಅಂದರೆ ಯಜಮಾನರ ಮನೆಗೆ.

ಅವರು ಬಾಗಿಲಲ್ಲಿ ಕೈ ಮುಗಿದು ನಿಂತಿದ್ದರು. ನನಗೆ ಅಮ್ಮನ ಸೀರೆಗಳ ಸಂದಿಯಿಂದ ಅವರ ಮುಖದ ಅರ್ಧ ಕಂಡಿತು, ಆ ಅರ್ಧವೇ ಸಾಕಾಗಿತ್ತು. ಎಂಟನೆಯ ಸಲ. ಇಪ್ಪತ್ತನಾಲ್ಕು ವರ್ಷ. ಇನ್ನು ಮುಂದಿನವನು ಮೊಣಕಾಲು ಬಗ್ಗಿಸಬೇಕು, ಅಮ್ಮ ಬಾಗಬೇಕು, ಮುಗಿಯಿತು.

ಬಾಗಲಿಲ್ಲ. ಅಡ್ಡೆ ಅವರನ್ನು ಸವರಿಕೊಂಡು, ಮನೆಯ ಪಕ್ಕದ ಓಣಿಗೆ ತಿರುಗಿ, ಕೊಟ್ಟಿಗೆ ದಾಟಿ, ಸೀದಾ ಹಿತ್ತಲಿಗೆ ನುಗ್ಗಿತು. ಅಲ್ಲಿ ದೊಡ್ಡವ್ವ ಹೊರಗಿನ ಒಲೆಗೆ ತೆಂಗಿನ ಮಟ್ಟೆ ತುರುಕುತ್ತಾ ಕೂತಿದ್ದರು, ಕೈಯೆಲ್ಲ ಬೂದಿ. ಅಮ್ಮ ಅವರ ಮುಂದೆ, ಒಲೆಗೆ ಎರಡು ಗೇಣು ದೂರದಲ್ಲಿ, ಪೂರ್ತಿ ಬಗ್ಗಿದಳು. ಸೀರೆಗೆ ಬೆಂಕಿ ತಾಗಲಿಲ್ಲ.

ತಮಟೆ ನಿಂತಿತು. ನಾನು ನೂಕಲಿಲ್ಲ. ಅಲ್ಲಿ ಓಣಿ ಇರುವುದು ನೆನಪೂ ಇರಲಿಲ್ಲ. ಗೆಳೆಯನನ್ನು ಆಮೇಲೆ ಎಷ್ಟೋ ಸಲ ಕೇಳಿದ್ದೇನೆ. ತಾನೂ ಎಳೆಯಲಿಲ್ಲ ಅನ್ನುತ್ತಾನೆ. ಅವನು ಸುಳ್ಳು ಹೇಳಿದರೆ ಕಿವಿ ಕೆಂಪಾಗುತ್ತದೆ. ಆಗಿಲ್ಲ.

ಹಿರಿಯರೆಲ್ಲ ಹಿತ್ತಲಿನಲ್ಲಿ ಸೇರಿದರು. ಸುಣ್ಣ ಹೊಡೆಸಿದ್ದ ಟ್ರ್ಯಾಕ್ಟರಿನವರು ಮೊದಲು ಬಾಯಿಬಿಟ್ಟರು. "ಅಲ್ಲ ಕಣ್ರೀ, ಹೆಂಗಸು ಯಜಮಾನಿಕೆ ಮಾಡೋದು ಅಂದ್ರೇನು? ದಾರಿ ತಪ್ಪೈತೆ ಇದು."

"ಯಾರು ತಪ್ಪವ್ರೆ? ಅಮ್ಮನಾ?" ಎಂದು ಪೂಜಾರಿ ಕೇಳಿದ.

"ಅಮ್ಮ ಅಂತ ನಾನಂದ್ನಾ? ಹೊತ್ತೋರು ಅಂದೆ."

"ಅಮ್ಮನೇನು ಗಂಡಸಾ ಗೌಡ್ರೇ?" ಎಂದು ಗೆಳೆಯ ಬೊಂಬಿನ ನಡುವಿನಿಂದಲೇ ಹೇಳಿದ. "ಊರಿಗೆಲ್ಲ ಅವಳೇ ದೊಡ್ಡೋಳು ಅಂತ ಕೈ ಮುಗೀತೀರ."

ಯಾರೋ ನಕ್ಕರು. ನಕ್ಕ ಮೇಲೆ ಊರಿನಲ್ಲಿ ಅರ್ಧ ತೀರ್ಮಾನವಾದಂತೆ. ಪೂಜಾರಿ ದೊಡ್ಡವ್ವನ ಕಡೆ ತಿರುಗಿ ಕಟ್ಟಳೆ ಎರಡನ್ನೂ ಹೇಳಿದ. ನಿನ್ನ ಒಲೆಯದೇ ಉಣ್ಣಬೇಕು, ಗಡಿಯಾಚೆ ತಂಗಬಾರದು. ದೊಡ್ಡವ್ವ ಬೂದಿಯ ಕೈಯನ್ನು ಸೆರಗಿಗೆ ಒರೆಸಿಕೊಂಡು ಎದ್ದರು.

"ಒಲೆ ವಿಷ್ಯ ತಕರಾರಿಲ್ಲ. ನಾನೆಲ್ಲಿ ಹಚ್ತೀನೋ ಅದು ನನ್ನ ಒಲೆ. ಕಲ್ಲು ಮೂರು ಎಲ್ಲಿ ಬೇಕಾದ್ರೂ ಸಿಗ್ತವೆ."

ಇಷ್ಟು ವರ್ಷ ಒಲೆ ಹಚ್ಚಿ ಗೊತ್ತಿಲ್ಲದ ಗಂಡಸರಿಗೆ ಇದು ಹೊಳೆದೇ ಇರಲಿಲ್ಲ.

"ಗಡಿ ವಿಷ್ಯ ನಿಮ್ಮನ್ನ ಕೇಳಲ್ಲ. ಕಟ್ಟಳೆ ಯಾರ ಹೆಸರಲ್ಲಿ ಐತೋ ಅವಳನ್ನೇ ಕೇಳ್ತೀನಿ." ದೊಡ್ಡವ್ವ ಅಡ್ಡೆಯ ಮುಂದೆ ನಿಂತರು. "ತಾಯಿ, ನಂಗೂ ಒಬ್ಬಳು ಮಗಳವಳೆ. ಅವಳ ಮನೇಲಿ ನಾಲ್ಕು ದಿನ ಇದ್ದು ಬರಾಕೆ ನಿಂದೇನಾದ್ರೂ ಅಡ್ಡಿ ಇದ್ರೆ ಹಿಂದಕ್ಕೆ ಸರಿ. ಇಲ್ದಿದ್ರೆ ಮುಂದಕ್ಕೆ ಬಾ."

ಯಜಮಾನರು ಓಣಿಯ ಬಾಯಲ್ಲಿ ನಿಂತು ನೆಲ ನೋಡುತ್ತಿದ್ದರು. ತಳ್ಳಬ್ಯಾಡ, ತಡೀಬ್ಯಾಡ ಎಂದು ನಾನು ಮನಸ್ಸಿನಲ್ಲೇ ಜಪಿಸಿದೆ. ಅಮ್ಮ ಮುಂದಕ್ಕೆ ಬಂದಳು, ಒಂದಲ್ಲ, ಮೂರು ಹೆಜ್ಜೆ. ಮೊದಲನೆಯ ಹೆಜ್ಜೆ ಅಮ್ಮನದೇ. ಉಳಿದೆರಡರ ಬಗ್ಗೆ ನಾನು ಪ್ರಮಾಣ ಮಾಡಲಾರೆ.

ಸಂಜೆ ಕೆರೆ ಏರಿಯ ಮೇಲೆ ಹೆಗಲಿಗೆ ಕೊಬ್ಬರಿ ಎಣ್ಣೆ ಹಚ್ಚಿಕೊಳ್ಳುತ್ತಾ ಗೆಳೆಯನನ್ನು ಕೇಳಿದೆ. "ಹುಣಸೆ ಮರದ ಹತ್ರ ಎಡಕ್ಕೆ ಯಾಕ್ಲಾ ಎಳೆದೆ?"

"ನೀನ್ಯಾಕೆ ಬಲಕ್ಕೆ ಎಳೆದೆ, ಅದನ್ನ ಹೇಳು ಮೊದ್ಲು."

ಹೇಳಿದೆ. ಅವನು ಎಣ್ಣೆ ಬಟ್ಟಲು ಕೆಳಗಿಟ್ಟ. "ನಂಗೂ ಅದೇ ಅಂದ್ರು. ನಿನಗೊಬ್ಬನಿಗೇ ಹೇಳಿರೋದು ಅಂದ್ರು."

"ಅಂದ್ರೆ ನೀನು ನಮ್ಮನೇಗೆ ತರಾಕೆ ಹೊಂಟಿದ್ದಾ? ನಾನೇನ್ಲಾ ಮಾಡಿದ್ದೆ ನಿಂಗೆ?"

"ನೀನು ಹೆಂಗೂ ಚಿಂತೆ ಮಾಡ್ತೀಯ. ಸುಮ್ನೆ ಯಾಕೆ ದಂಡ, ಊರಿಂದೇ ಮಾಡ್ಲಿ ಅಂದ್ಕಂಡೆ," ಅಂದ. ಅದರಲ್ಲಿ ತಮಾಷೆಯಿದ್ದಂತೆ ಕಾಣಲಿಲ್ಲ.

ದೊಡ್ಡವ್ವನ ಯಜಮಾನಿಕೆಯ ಬಗ್ಗೆ ಹೆಚ್ಚೇನೂ ಹೇಳುವುದಿಲ್ಲ. ಅವರು ಯಾರಿಗೂ ಹೀಗೆ ಮಾಡು ಅಂದದ್ದನ್ನು ನಾನು ಕೇಳಲಿಲ್ಲ. ಜಗಳ ತಂದವರನ್ನು ಹಿತ್ತಲಿನಲ್ಲಿ ಕೂರಿಸಿ, ಹುರುಳಿಕಾಳು ಆಯಲು ಕೊಟ್ಟು, "ನಿಂಗೇನನ್ನಿಸ್ತದೆ?" ಎಂದು ಕೇಳುತ್ತಿದ್ದರು. ಕಾಳು ಮುಗಿಯುವಷ್ಟರಲ್ಲಿ ಜಗಳವೂ ಮುಗಿಯುತ್ತಿತ್ತು. ನಾನು ನಮ್ಮ ಶಾಲೆಯ ಸ್ಟಾಫ್ ರೂಮಿನಲ್ಲಿ ಇದನ್ನೊಮ್ಮೆ ಪ್ರಯೋಗಿಸಿದೆ. ಹುರುಳಿಕಾಳನ್ನು ಯಾರೋ ಮನೆಗೆ ತೆಗೆದುಕೊಂಡು ಹೋದರು.

ಅಡ್ಡೆ ಎತ್ತಿದ ಎಂಟನೆಯ ದಿನ ಅವರಿಬ್ಬರೂ ಮಗಳ ಮನೆಗೆ ಹೊರಟರು. ಕಾಯಿಯ ಚೀಲ ಭಾರವಾಗಿದೆ ಎಂದು ತಿಪಟೂರಿನ ತನಕ ನನ್ನನ್ನು ಕರೆದರು. ಬಸ್ಸು ತಪ್ಪಬಹುದು, ಚೀಲದ ತಳ ಕಿತ್ತುಹೋಗಬಹುದು, ಹುಳಿಯಾರಿನ ಬಸ್ಸಿನಲ್ಲಿ ಸೀಟು ಸಿಗದಿರಬಹುದು ಎಂದು ನಾನು ದಾರಿಯುದ್ದಕ್ಕೂ ಹೇಳುತ್ತಲೇ ಇದ್ದೆ. ಯಾವುದೂ ಆಗಲಿಲ್ಲ. ಹುಳಿಯಾರಿನ ಬಸ್ಸಿಗೆ ಇನ್ನೂ ಮುಕ್ಕಾಲು ಗಂಟೆಯಿತ್ತು. ಯಜಮಾನರು, ಇನ್ನು ಯಜಮಾನರಲ್ಲ, ಆದರೆ ನಾಲಿಗೆ ಕೇಳಬೇಕಲ್ಲ, ಆ ಹೋಟೆಲಿನ ಮುಂದೆ ನಿಂತರು. ಚಪ್ಪಲಿಯ ಉಂಗುಷ್ಠ ಗಟ್ಟಿಯಾಗಿತ್ತು. ಮೆಟ್ಟಿಲು ಹತ್ತಿ ಒಳಗೆ ಹೋದರು. ಕೈ ತೊಳೆದರು, ಗೋಡೆಯ ಪಕ್ಕದ ಟೇಬಲ್ಲಿಗೆ ಕೂತರು, ಪಂಚೆಯ ಅಂಚನ್ನು ಸರಿಮಾಡಿಕೊಂಡರು. ದೊಡ್ಡವ್ವ ಎದುರು ಕೂತು ಬುತ್ತಿಯ ಗಂಟನ್ನು ತೊಡೆಯ ಮೇಲಿಟ್ಟುಕೊಂಡರು. "ನೀವು ತಿನ್ನಿ, ನಾನು ನೋಡ್ತೀನಿ. ಇಷ್ಟು ವರ್ಷ ನೀವು ನೋಡಿದ್ದೇ ಸಾಕು," ಅಂದರು.

ಸಪ್ಲೈಯರು ಹೆಗಲ ಮೇಲಿನ ಟವೆಲಿನಿಂದ ಟೇಬಲ್ಲು ಒರೆಸುತ್ತಾ ಬಂದ. ಯಜಮಾನರು ಗಂಟಲು ಸರಿಮಾಡಿಕೊಂಡು, ಹಬ್ಬದ ದಿನ ಸಂಕಲ್ಪ ಹೇಳುವವರಂತೆ, "ಒಂದು ಮಸಾಲೆ ದೋಸೆ," ಅಂದರು.

"ದೋಸೆ ಹಿಟ್ಟು ಈಗ ಮುಗೀತು ಯಜಮಾನ್ರೇ," ಅಂದ ಅವನು.

ದೊಡ್ಡವ್ವ ನಗು ನುಂಗಿಕೊಂಡು ಬುತ್ತಿಯ ಗಂಟು ಬಿಚ್ಚಿದರು. ಒಳಗೆ ಅವರ ಒಲೆಯ ಮೇಲೆ ಬೆಂದ ರಾಗಿ ರೊಟ್ಟಿ, ಕಾಯಿ ಚಟ್ನಿ. ಯಜಮಾನರು ಒಂದು ತುಂಡು ಮುರಿದು, ಚಟ್ನಿಗೆ ಅದ್ದಿ, ಬಾಯಿಗಿಡುವ ಮುಂಚೆ ನನ್ನ ಕಡೆ ತಿರುಗಿದರು.

"ಲೇ, ಇದು ಇತ್ತೇನ್ಲಾ ನಿನ್ನ ಪಟ್ಟೀಲಿ?"

ಇರಲಿಲ್ಲ.